ಪಯಣಕ್ಕೊಂದು ಕಚ್ಚಾ ಹೊಲಿಗೆ

ಓದುವ ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿ. ಮಹಾತ್ಮರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಾನಿಂದು ಹೇಳಹೊರಟಿರುವುದು ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳ ಕಥೆ. ಭಗವಂತನು ತನ್ನ ಪಾಠವನ್ನು ಎತ್ತರದ ಪೀಠದಿಂದಲೇ ಹೇಳಿಸಬೇಕೆಂದಿಲ್ಲ; ಒಮ್ಮೊಮ್ಮೆ ಗಾಳಿ ಹೋದ ಜೀಪಿನ ಚಕ್ರದ ಬಾಯಿಂದಲೂ ಹೇಳಿಸುತ್ತಾನೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಮೂವತ್ತಾರು ವರ್ಷಗಳಿಂದ ಆಕೆಯ ಯಂತ್ರ ಓಡುತ್ತಿತ್ತು. ಬೀದಿಗೆಲ್ಲ ಆಕೆ ಅಕ್ಕ. ಕೊರಳಲ್ಲಿ ಸದಾ ಅಳತೆಯ ಟೇಪು. ಊಟಕ್ಕೆ ಕುಳಿತಾಗಲೂ ಅದನ್ನು ತೆಗೆಯಲು ಮರೆತು ತಟ್ಟೆಯಲ್ಲಿ ಅದ್ದಿಕೊಂಡದ್ದುಂಟು. ಆಕೆಯ ಕಸುಬಿನ ಕಟ್ಟಳೆ ಒಂದೇ: ಯಾವ ಬಟ್ಟೆಯನ್ನೂ ಮೊದಲ ಸಲಕ್ಕೇ ಗಟ್ಟಿಯಾಗಿ ಹೊಲಿಯಬಾರದು. ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ನಡೆಸಿ, ಕೂರಿಸಿ, ಕೈ ಮೇಲೆತ್ತಿಸಿ ನೋಡುವಳು. ಆಮೇಲೆ ಅಷ್ಟನ್ನೂ ಬಿಚ್ಚುವಳು. ಅವಸರದ ಗಿರಾಕಿಗಳು ಗೊಣಗಿದರೆ, ಕಂಕುಳಿನ ಬಿಗಿ ಕನ್ನಡಿಗೆ ಕಾಣುವುದಿಲ್ಲ, ಕೈಯೆತ್ತಿದಾಗಲೇ ತಿಳಿಯುತ್ತದೆ ಎನ್ನುವಳು. ಆಕೆ ಹೊಲಿದ ಕೋಟು ತೊಟ್ಟು ಒಬ್ಬ ನ್ಯಾಯಾಧೀಶರು ನಿವೃತ್ತರಾದರು. ಅದೇ ಕೋಟನ್ನು ಅವರ ಮಗ ಈಗಲೂ ತೊಡುತ್ತಾನೆ.

ಆಕೆಯ ತಮ್ಮ ಭೂಗೋಳದ ಮೇಷ್ಟ್ರು. ಬೆನ್ನ ಹಿಂದೆ ಊರವರು ಕರೆಯುವುದು ಪಟ್ಟಿ ಮೇಷ್ಟ್ರು ಎಂದು. ತರಕಾರಿ ತರುವುದಕ್ಕೂ ಅವನಿಗೆ ಪಟ್ಟಿ ಬೇಕು. ಆ ಪಟ್ಟಿ ಎಲ್ಲಿದೆಯೆಂದು ಬರೆದಿಟ್ಟ ಇನ್ನೊಂದು ಪಟ್ಟಿಯೂ ಬೇಕು. ಆ ವರ್ಷ ಅವನ ತಲೆಗೆ ಹೊಕ್ಕದ್ದು ಬಂಡೆಗಾಡಿನ ಪಯಣ. ಆರು ದಿನ, ನಾನೂರು ಕಿಲೋಮೀಟರು. ರಸ್ತೆಯಿಲ್ಲ, ಪೆಟ್ರೋಲ್ ಬಂಕಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಮುಂದಿನ ಜೀಪಿನಲ್ಲಿ ಅವನ ಶಾಲೆಯ ಮೂವರು ಶಿಕ್ಷಕರು. ಹಿಂದಿನದರಲ್ಲಿ ಅವನು ಮತ್ತು ಅವನ ಬಾಲ್ಯದ ಗೆಳೆಯನಾದ ಮೆಕ್ಯಾನಿಕ್.

ಈ ಸುದ್ದಿ ಕೇಳಿದ ದಿನ ಅಕ್ಕನ ಕೈಯಲ್ಲಿ ಸೂಜಿ ನಿಂತಿತು. ಮೂವತ್ತಾರು ವರ್ಷ ಆಕೆಯ ಕಣ್ಣು ಒಂದು ಮೊಳಕ್ಕಿಂತ ದೂರದ್ದನ್ನು ನೆಟ್ಟು ನೋಡಿರಲಿಲ್ಲ. ಕಿಟಕಿಯಾಚೆ ಎದುರುಮನೆಯ ಗೋಡೆ, ಈಚೆ ಸೂಜಿಯ ಕಣ್ಣು, ಇಷ್ಟೇ ಲೋಕ. ಕಣ್ಣು ಹಾಯುವಷ್ಟು ದೂರ ಅಡ್ಡಿಯಿಲ್ಲದ ನೆಲವನ್ನು, ಕಣ್ಣು ಇನ್ನೂ ತನ್ನ ಮಾತು ಕೇಳುತ್ತಿರುವಾಗಲೇ ಒಮ್ಮೆ ನೋಡಬೇಕು. ಗಂಡನ ಮುಂದೆ ಇದನ್ನು ಹೇಳಿದಳು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದ ಆತನಿಗೆ ಧೂಳೆಂದರೆ ಸೀನು. ನೀನು ಹೋಗಿ ಬಾ, ನನ್ನ ಪಾಲಿನ ಧೂಳನ್ನೂ ನೀನೇ ಕುಡಿ ಎಂದು ತುಂಬುಮನಸ್ಸಿನಿಂದ ಒಪ್ಪಿದ. ಒಪ್ಪದವನು ತಮ್ಮ.

“ಹಿಂದಿನ ಸೀಟು ಬಿಚ್ಚಿ ಅಲ್ಲಿ ಫ್ರಿಜ್ ಕೂರಿಸ್ಬೇಕು ಅಕ್ಕಾ. ಪಟ್ಟಿಯಲ್ಲಿ ಹಾಗೇ ಇದೆ.”

“ಆ ಪಟ್ಟಿ ಆಕಾಶದಿಂದ ಉದುರಿತೇನೋ? ಬರೆದೋನು ನೀನೇ ತಾನೆ?”

“ಆರು ದಿನ ತಣ್ಣೀರು ಬೇಡ್ವಾ?”

“ಹಾಗಾದ್ರೆ ನಾನು ಫ್ರಿಜ್ಜಿಗಿಂತ ಕಡೆ ಅನ್ನು.”

ಅಕ್ಕ ಹಟ ಹಿಡಿಯಲಿಲ್ಲ; ಒಂದು ಕರಾರು ಮಾತ್ರ ಇಟ್ಟಳು. ಹೊರಡುವುದಕ್ಕೆ ಒಂದು ವಾರ ಮೊದಲು ಎಲ್ಲವನ್ನೂ ತುಂಬಿ, ಊರಾಚೆಯ ಹಳೆಯ ಕಲ್ಲುಗಣಿಗೆ ಜೀಪು ಹೊಡೆಯಬೇಕು. ಪಯಣಕ್ಕೂ ಒಂದು ಕಚ್ಚಾ ಹೊಲಿಗೆ ಆಗಲಿ. ಎಲ್ಲಿಯೂ ಬಿಗಿಯಾಗದಿದ್ದರೆ ಫ್ರಿಜ್ಜೇ ಪಯಣಕ್ಕೆ ಹೋಗಲಿ, ತಾನು ಅವರ ಅಂಗಿಗಳಿಗೆ ಇಸ್ತ್ರಿ ಹಾಕಿ ಕಳಿಸಿಕೊಡುವೆ. ಬಿಗಿಯಾದರೆ ಮತ್ತೆ ಮಾತಾಡೋಣ. ತೀರ್ಪು ಮೆಕ್ಯಾನಿಕನದು.

ಶನಿವಾರ ಬೆಳಿಗ್ಗೆ ಜೀಪು ತುಂಬಿತು. ನೋಡಲು ಕಣ್ಣಿಗೆ ಹಬ್ಬ. ಒಂದರಿಂದ ಹದಿನಾಲ್ಕರವರೆಗೆ ಅಂಕಿ ಹಚ್ಚಿದ ಪೆಟ್ಟಿಗೆಗಳು. ನೀರಿನ ಕ್ಯಾನು, ಡೀಸೆಲ್ ಕ್ಯಾನು, ಡೇರೆ. ನಟ್ಟನಡುವೆ, ಪೆಟ್ಟಿಗೆಗಳ ಮೇಲಿನ ಹಲಗೆಗೆ ನಾಲ್ಕು ಬೋಲ್ಟುಗಳಿಂದ ಬಿಗಿದ ಫ್ರಿಜ್, ಪಟ್ಟಕ್ಕೇರಿದ ಅರಸನಂತೆ. ಅದರ ಪಕ್ಕದ ಗೇಣಗಲ ಸಂದಿಯಲ್ಲಿ ಆ ಒಂದು ದಿನದ ಮಟ್ಟಿಗೆ ಅಕ್ಕ ಮಡಿಕೆ ಹಾಕಿದ ಬಟ್ಟೆಯಂತೆ ಕುಳಿತಳು. ಮೇಷ್ಟ್ರ ಮುಖದಲ್ಲಿ ಗೆಲುವು ತುಳುಕುತ್ತಿತ್ತು.

ಗಣಿಯ ಇಳಿಜಾರಿನ ಕೆಳಗೆ ಮೆಕ್ಯಾನಿಕ್ ಜೀಪು ನಿಲ್ಲಿಸಲು ಹೇಳಿದ. ಇಳಿದು, ಎಡಗಡೆಯ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತು, ಗಾಳಿಯನ್ನೆಲ್ಲ ಬಿಟ್ಟ. ಬಳಿಕ ಒಂದು ಬಂಡೆಯ ಮೇಲೆ ಕಾಲುಚಾಚಿ ಒರಗಿದ.

“ಪಂಚರ್ ಮೇಷ್ಟ್ರೇ. ನನಗೆ ಜ್ವರ ಬಂದು ಮಲಗಿದ್ದೀನಿ ಅಂದ್ಕೊಳ್ಳಿ. ಚಕ್ರ ನೀವೇ ಬದಲಾಯಿಸ್ಬೇಕು.”

ತಮ್ಮ ನಗುತ್ತಲೇ ಪಟ್ಟಿ ತೆರೆದ. ಜಾಕು ಏಳನೆಯ ಪೆಟ್ಟಿಗೆಯಲ್ಲಿ. ಏಳನೆಯ ಪೆಟ್ಟಿಗೆ ಫ್ರಿಜ್ಜಿನ ಹಲಗೆಯ ಕೆಳಗೆ. ಸರಿ, ಬೋಲ್ಟು ಬಿಚ್ಚಿದರಾಯಿತು. ಬೋಲ್ಟು ಬಿಚ್ಚುವ ಸ್ಪ್ಯಾನರ್ ಎಲ್ಲಿ? ಬೆರಳು ಪಟ್ಟಿಯ ಮೇಲೆ ಇಳಿಯಿತು, ಮೇಲೇರಿತು, ಮತ್ತೆ ಇಳಿದು ನಿಂತಿತು. ಸ್ಪ್ಯಾನರೂ ಏಳನೆಯ ಪೆಟ್ಟಿಗೆಯಲ್ಲಿ.

ಬಂಧುಗಳೇ, ನಗಬೇಡಿ, ಅಥವಾ ನಕ್ಕುಬಿಡಿ, ಅಕ್ಕನೂ ಒಮ್ಮೆ ಸೆರಗಿನಲ್ಲಿ ನಕ್ಕಳು. ಒಂದು ಸ್ಪ್ಯಾನರ್ ಮೆಕ್ಯಾನಿಕನ ಜೇಬಿನಲ್ಲೇ ಇತ್ತು. ಆದರೆ ಜ್ವರದಲ್ಲಿರುವವನು ಹೇಗೆ ಕೊಟ್ಟಾನು? ಪಟ್ಟಿ ಮೇಷ್ಟ್ರು ಮೂರು ಕಿಲೋಮೀಟರು ನಡೆದು ಊರಿಗೆ ಹೋಗಿ, ಮತ್ತೆ ಮೂರು ಕಿಲೋಮೀಟರು ನಡೆದು ಬರಬೇಕಾಯಿತು.

ಅವನು ಸ್ಪ್ಯಾನರ್ ಹಿಡಿದು ಬೆವರಿಳಿಸುತ್ತ ಮರಳುವಷ್ಟರಲ್ಲಿ ಅಕ್ಕ, ಹಲಗೆಯ ಕೆಳಗಿನದನ್ನು ಬಿಟ್ಟು, ಉಳಿದದ್ದನ್ನೆಲ್ಲ ಇಳಿಸಿ ನೆಲದ ಮೇಲೆ ಹಾಸಿದ್ದಳು. ಅಂಕಿಯ ಪ್ರಕಾರವಲ್ಲ, ಆಪತ್ತಿನಲ್ಲಿ ಯಾವುದಕ್ಕೆ ಮೊದಲು ಕೈ ಹೋಗುವುದೋ ಅದು ಮುಂದೆ, ಹೋಗದಿರುವುದು ಹಿಂದೆ. ಟೇಪು ಹಿಡಿದು ಒಂದೊಂದರ ಉದ್ದಗಲ ಬರೆದುಕೊಳ್ಳುತ್ತಿದ್ದಳು. ತಮ್ಮನ ಮುಖ ಬಾಡಿತ್ತು. ಪಟ್ಟಿ ಬರೆದು ಜೀಪು ಸಜ್ಜುಗೊಳಿಸಿದ ಎಂಟು ತಿಂಗಳ ದುಡಿಮೆ, ಮೊದಲ ಇಳಿಜಾರಿನಲ್ಲೇ ನೀರುಪಾಲು. ಇನ್ನೊಬ್ಬರಾಗಿದ್ದರೆ ‘ನಾನು ಆಗಲೇ ಹೇಳಿರಲಿಲ್ಲವೇ’ ಎಂಬ ಮುಳ್ಳನ್ನು ಆ ಕ್ಷಣವೇ ಚುಚ್ಚುತ್ತಿದ್ದರು. ನನ್ನ ನಾಲಿಗೆಯೂ ಆ ಪಾಪದಿಂದ ಮುಕ್ತವಲ್ಲ. ಅಕ್ಕ ಲೋಟದಲ್ಲಿ ನೀರು ಕೊಟ್ಟಳು, ತನ್ನ ಪಕ್ಕದ ನೆಲವನ್ನು ಕೈಯಿಂದ ಒರೆಸಿದಳು.

“ಕೂತ್ಕೋ. ಕಚ್ಚಾ ಹೊಲಿಗೆ ಬಿಚ್ಚಿದ್ರೆ ಅದು ಸೋಲಲ್ಲ ಕಣೋ. ಬಿಚ್ಚೋದಕ್ಕೆ ಅಂತಾನೇ ಹಾಕೋದು.”

ತಮ್ಮ ನೀರು ಕುಡಿದ. ಆಮೇಲೆ ಎದ್ದು, ಯಾರೂ ಹೇಳದೆಯೇ, ಫ್ರಿಜ್ಜಿನ ನಾಲ್ಕೂ ಬೋಲ್ಟುಗಳನ್ನು ಬಿಚ್ಚತೊಡಗಿದ. ಜ್ವರ ಇಳಿದ ಮೆಕ್ಯಾನಿಕ್ ಬಂದು ಒಂದು ಕಡೆ ಹಿಡಿದುಕೊಂಡ.

ಮುಂದಿನ ಮೂರು ದಿನ ಔಷಧಿ ಅಂಗಡಿಯ ಮೇಲೆ ದಪ್ಪ ಕ್ಯಾನ್ವಾಸು ಹೊಲಿಯುವ ಸದ್ದು. ಹಿಂದಿನ ಬಾಗಿಲಿಗೆ ನೇತುಹಾಕುವ ಚೀಲ: ಅದರಲ್ಲಿ ಜಾಕು, ಸ್ಪ್ಯಾನರ್, ಎಳೆಯುವ ಹಗ್ಗ, ಜಾಕಿನಡಿ ಇಡುವ ಮರದ ತುಂಡು. ಮುಂದಿನ ಸೀಟಿನ ಬೆನ್ನಿಗೆ ಜೇಬು: ಔಷಧಿ, ಟಾರ್ಚು, ನಕಾಶೆ. ಸೂಜಿಗಳು ಮುರಿದವು, ಹೆಬ್ಬೆರಳು ಬಾತಿತು. ಸೀಟು ತನ್ನ ಜಾಗಕ್ಕೆ ಮರಳಿತು.

ಬುಧವಾರ ಎರಡನೆಯ ಪರೀಕ್ಷೆ. ಅದೇ ಗಣಿ, ಅದೇ ಚಕ್ರ, ಅದೇ ಜ್ವರ. ಈ ಸಲ ಅಕ್ಕನೂ ಕೈಹಾಕಿದಳು. ಅಕ್ಕ ತಮ್ಮ ಸೇರಿ ಹದಿನೇಳು ನಿಮಿಷದಲ್ಲಿ ಚಕ್ರ ಬದಲಾಯಿಸಿದರು. ಮೆಕ್ಯಾನಿಕ್ ತೀರ್ಪು ಹೇಳಲು ಬಾಯಿ ತೆರೆದವನು ಹಿಂದಿನ ಸೀಟಿನ ಕೆಳಗೆ ಕಣ್ಣುಹಾಯಿಸಿ ತಡೆದ. ಅಲ್ಲಿ ಹಳೆಯ ಚಾದರ ಹೊದ್ದು ಏನೋ ಮುದುಡಿ ಕುಳಿತಿತ್ತು. ಎಳೆದು ನೋಡಿದರೆ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ. ತೂಗಿದರೆ ಹನ್ನೊಂದು ಕಿಲೋ.

ಡೇರೆ ಹರಿದರೆ ಬೇಕಲ್ಲವೇ ಎಂದು ಅಕ್ಕ ದನಿ ತಗ್ಗಿಸಿದಳು.

“ಅಕ್ಕಾ, ನಿಮ್ಮ ಹೊಲಿಗೇನೂ ಒಂಚೂರು ಬಿಚ್ಚೋಣ್ವಾ?” ಎಂದ ಮೆಕ್ಯಾನಿಕ್.

ತಮ್ಮ ಗಂಟಲು ಸರಿಮಾಡಿಕೊಂಡನೇ ಹೊರತು ಒಂದು ಮಾತೂ ಆಡಲಿಲ್ಲ. ಅಕ್ಕನ ನೀರಿನ ಲೋಟ ಅವನಿಗೆ ನೆನಪಿದ್ದಿರಬೇಕು. ಆಕೆ ಯಂತ್ರವನ್ನು ತಾನೇ ಎತ್ತಿ ಕೆಳಗಿಟ್ಟಳು. ಎರಡು ದಪ್ಪ ಸೂಜಿ, ಒಂದು ಉಂಡೆ ಮೇಣದ ದಾರವನ್ನು ಮಾತ್ರ ಬಾಗಿಲ ಚೀಲಕ್ಕೆ ಸೇರಿಸಿದಳು. ಮೂವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಯಂತ್ರವಿಲ್ಲದೆ ಆರು ದಿನ ಕಳೆಯಲು ಆಕೆ ಸಿದ್ಧಳಾದಳು. ಆಗ ಮೆಕ್ಯಾನಿಕ್ ಸೀಟಿನ ಮೇಲಿನ ಧೂಳು ಕೊಡವಿ, ಕುಳಿತುಕೊಳ್ಳಿ ಎಂದು ಕೈ ತೋರಿದ. ಅದೇ ತೀರ್ಪು.

ಶನಿವಾರ ಮುಂಜಾವಿನಲ್ಲಿ ಎರಡೂ ಜೀಪುಗಳು ಹೊರಟವು. ಫ್ರಿಜ್ ಅಕ್ಕನ ಮನೆ ಸೇರಿತು. ಗಂಡ ಆರೂ ದಿನ ಸೀನದೆ ತಣ್ಣೀರು ಕುಡಿದ. ಎರಡನೆಯ ದಿನದ ಹೊತ್ತೇರುವಾಗ ಕೊನೆಯ ಗುಡ್ಡ ಹಿಂದೆ ಸರಿಯಿತು. ಮುಂದೆ ನೆಲ, ನೆಲದಾಚೆ ನೆಲ, ಅದರಾಚೆ ಆಕಾಶ. ಅಕ್ಕನ ಕೈ ತಾನಾಗಿ ಕೊರಳಿನ ಟೇಪಿಗೆ ಹೋಯಿತಂತೆ. ಬಿಚ್ಚಿದಳು, ಸುತ್ತಿದಳು, ಎದುರಿನ ಸೀಟಿನ ಜೇಬಿನೊಳಗಿಟ್ಟಳು. ಅಳತೆ ಮೀರಿದ್ದರ ಮುಂದೆ ಕೈಮುಗಿಯುವುದೊಂದೇ ಕೆಲಸ.

ನಮ್ಮ ಬಾಳಿನ ಬಂಡಿಯನ್ನೂ ನಾವು ಅಂದವಾಗಿಯೇ ತುಂಬಿದ್ದೇವೆ. ಆದರೆ ತಾಳ್ಮೆ ಎಲ್ಲಿದೆ? ಕ್ಷಮೆ ಯಾವ ಪೆಟ್ಟಿಗೆಯಲ್ಲಿದೆ? ಪ್ರಾರ್ಥನೆಯ ಮೇಲೆ ಯಾವ ಫ್ರಿಜ್ಜನ್ನು ಬೋಲ್ಟು ಹಾಕಿ ಕೂರಿಸಿದ್ದೇವೆ? ಚಕ್ರದ ಗಾಳಿ ಹೋಗುವ ಇಳಿಜಾರು ಎಲ್ಲರ ದಾರಿಯಲ್ಲೂ ಇದೆ. ಆದುದರಿಂದ ಬಂಧುಗಳೇ, ಊರು ಇನ್ನೂ ಮೂರೇ ಕಿಲೋಮೀಟರು ದೂರದಲ್ಲಿರುವ ಈ ಹೊತ್ತಿನಲ್ಲೇ ನಿಮ್ಮ ಗಂಟನ್ನೊಮ್ಮೆ ಇಳಿಸಿ, ಬಿಚ್ಚಿ, ನೆಲದ ಮೇಲೆ ಹಾಸಿ ನೋಡಿ. ಆಪತ್ತಿಗೆ ಬೇಕಾದದ್ದನ್ನು ಬಾಗಿಲಿಗೆ ನೇತುಹಾಕಿ. ಪಕ್ಕದಲ್ಲಿ ಯಾರಾದರೂ ಬೆವರಿಳಿಸುತ್ತ ಬಾಡಿದ ಮುಖದಿಂದ ಬಂದರೆ, ಮಾತು ಆಮೇಲಿರಲಿ, ಮೊದಲು ಒಂದು ಲೋಟ ನೀರು ಕೊಡಿ.