ಪೆನ್ಸಿಲ್ಲಿನಲ್ಲಿ ಬರೆದ ಹೆಸರು

ನುಸಿಗುಳಿಗೆಯ ವಾಸನೆ ಬಂದರೆ ಬೇರೆಯವರಿಗೆ ರೇಷ್ಮೆ ಸೀರೆ, ಅಜ್ಜಿಯ ಟ್ರಂಕು ನೆನಪಾಗುತ್ತವಂತೆ. ನನಗೆ ನೆನಪಾಗುವುದು ಒಂದು ಹಾಜರಿ ಪುಸ್ತಕ. ಹೋದ ವಾರ ಮಗನ ಜ್ಞಾನಸ್ನಾನದ ಸರ್ಟಿಫಿಕೇಟ್ ಬೇಕಾಗಿ ತುಮಕೂರಿನ ನಮ್ಮ ಚರ್ಚಿನ ಆಫೀಸಿಗೆ ಹೋಗಿದ್ದೆ. ಹಳೇ ಬೀರು ಖಾಲಿ ಮಾಡುತ್ತಿದ್ದರು. ಬಾಗಿಲು ತೆಗೆದ ತಕ್ಷಣ ಆ ವಾಸನೆ ಗಪ್ಪಂತ ಮೂಗಿಗೆ ಬಂತು. ಆಫೀಸಿನ ಹೆಂಗಸು ಕಂದು ಕಾಗದದ ರಟ್ಟು ಹಾಕಿದ ದಪ್ಪ ರಿಜಿಸ್ಟರ್ ಒಂದನ್ನು ನನ್ನ ಮುಂದಿಟ್ಟು, "ಇದು ನಿಮ್ಮ ಉಪದೇಶದ ಟೀಚರ್‌ದು ಅಲ್ವಾ? ರದ್ದಿಗೆ ಹೋಗ್ತಾ ಇದೆ. ಬೇಕಾದ್ರೆ ತಗೊಂಡ್ಹೋಗಿ," ಅಂದಳು.

ತಂದೆ. ತಂದು ನಾಲ್ಕು ದಿನ ಟಿವಿಯ ಪಕ್ಕ ಇಟ್ಟೆ, ತೆಗೆಯಲಿಲ್ಲ. ಅದರಲ್ಲಿ ನನ್ನ ಮಗನ ಹೆಸರು ಇರಬೇಕು, ಅಥವಾ ಅಳಿಸಿಹೋಗಿರಬೇಕು. ಎರಡರಲ್ಲಿ ಯಾವುದು ಎಂದು ತಿಳಿದುಕೊಳ್ಳಲು ನನಗೆ ಭಯ. ಜೀವನದಲ್ಲಿ ನಾನು ಅಂಥಾ ಧೈರ್ಯಸ್ಥೆಯೇನೂ ಅಲ್ಲ, ಒಂದು ಸಲ ಮಾತ್ರ ಧೈರ್ಯ ಮಾಡಿದ್ದೆ.

ಆ ಒಂದು ಸಲ ಎಂದರೆ ಮದುವೆ. ನಮ್ಮೂರು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಡ್ಯಾಮಿನ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆತನ. ಡ್ಯಾಮಿನ ಗೇಟು ರಿಪೇರಿಗೆ ಬಂದಿದ್ದ ಫಿಟ್ಟರ್ ಒಬ್ಬರನ್ನು ನಾನು ಮೆಚ್ಚಿದೆ. ಅವರು ಕ್ರೈಸ್ತರು. ತೊಂಬತ್ತರ ದಶಕದ ಶುರುವಿನಲ್ಲಿ ಇದೇನೂ ಸಣ್ಣ ಮಾತಲ್ಲ. ರಿಜಿಸ್ಟರ್ ಮದುವೆಯಾಗಿ ತುಮಕೂರಿನ ಸದಾಶಿವನಗರದ ಎರಡು ರೂಮಿನ ಬಾಡಿಗೆ ಮನೆಗೆ ಬಂದೆ. ಅಪ್ಪ ಆಮೇಲೆ ನನ್ನ ಹೆಸರೆತ್ತಲಿಲ್ಲ. ಅಮ್ಮ ಒಂದೇ ಒಂದು ಸಲ, ಯಾರ ಕೈಲೋ ಒಂದು ಚೀಲ ಅವರೆಕಾಯಿ ಕಳಿಸಿದ್ದಳು, ಅಷ್ಟೆ...

ಗಂಡ ಒಳ್ಳೆಯವರು, ಅತ್ತೆಯೂ ಕೆಟ್ಟವರಲ್ಲ. ಆದರೆ ಭಾನುವಾರ ಬಂತೆಂದರೆ ನನಗೆ ಚರ್ಚಿಗೆ ಹೊರಡುವುದೇ ಬೇಡವೆನಿಸುತ್ತಿತ್ತು. ಪೂಜೆಯಲ್ಲಿ ಎಲ್ಲರೂ ಏಳುವಾಗ ನಾನು ಕೂತಿರುತ್ತಿದ್ದೆ, ಎಲ್ಲರೂ ಮಂಡಿಯೂರಿದಾಗ ನಾನೊಬ್ಬಳೇ ಕಂಬದ ಹಾಗೆ ನಿಂತಿರುತ್ತಿದ್ದೆ. ವಿಭೂತಿ ಬುಧವಾರ ಫಾದರ್ ಹಣೆಗೆ ಬೂದಿ ಹಚ್ಚುತ್ತಾ ಬಂದರೆ, ನಾನು ತೀರ್ಥಕ್ಕೆ ಚಾಚುವ ಹಾಗೆ ಬಲಗೈ ಚಾಚಿ ನಿಂತೆ. ಅವರು ಏನು ಮಾಡಬೇಕೋ ತಿಳಿಯದೆ ಅಂಗೈಗೇ ಒಂದು ಚಿಟಿಕೆ ಹಾಕಿದರು. ನಾನು ಊರಿನ ಅಭ್ಯಾಸದಂತೆ ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡೆ. ಹಿಂದಿನಿಂದ ಕಿಸಕ್ಕೆಂದ ಸದ್ದು ಈಗಲೂ ಕಿವಿಯಲ್ಲಿದೆ. ಯಾರೂ ಬೈಯಲಿಲ್ಲ ನಿಜ, ಆದರೆ ಪೂಜೆ ಮುಗಿದ ಮೇಲೆ ಯಾರೂ ಪಕ್ಕದಲ್ಲಿ ನಿಂತು ಮಾತಾಡಲೂ ಇಲ್ಲ.

ಜೂನ್ ತಿಂಗಳಲ್ಲಿ ಉಪದೇಶದ ಕ್ಲಾಸಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಏಳೆಂಟು ವರ್ಷದ ಮಕ್ಕಳು ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮುಂಚೆ ಜಪ, ಕಟ್ಟಳೆಗಳನ್ನೆಲ್ಲ ಕಲಿಯುವ ಭಾನುವಾರದ ಕ್ಲಾಸು ಅದು. ಚರ್ಚಿನ ಜಗಲಿಯ ಮೇಲೆ ಒಂದು ಮೇಜು, ಮೇಜಿನ ಮೇಲೆ ಈ ರಿಜಿಸ್ಟರು, ಅದರ ಹಿಂದೆ ಟೀಚರ್. ನಲವತ್ತು ದಾಟಿದ್ದ ಸಣಕಲು ಹೆಂಗಸು, ವಾಯಿಲ್ ಸೀರೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಶಿಲುಬೆ. ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿದು ಸಾಲಾಗಿ ನಿಂತಿದ್ದರು. ನಾನು ಒಬ್ಬಳೇ ಆ ಸಾಲಿನಲ್ಲಿ ನಿಂತೆ.

"ಮಗು ಎಲ್ಲಮ್ಮ?" ಅಂದರು ಟೀಚರ್, ತಲೆ ಎತ್ತದೆ.

"ನಾನೇ ಕಲೀಬೇಕು ಟೀಚರ್," ಅಂದೆ.

ಆಗ ತಲೆ ಎತ್ತಿದರು. ಹಿಂದೆ ನಿಂತಿದ್ದವರು ನಕ್ಕರು, ಅವರು ನಗಲಿಲ್ಲ. ಹೆಸರು ಕೇಳಿ ಬರೆದುಕೊಂಡರು, ಊರು ಕೇಳಿ ಬರೆದುಕೊಂಡರು. ಆಮೇಲೆ ಪೆನ್ನು ಒಂದು ಕಡೆ ನಿಂತಿತು. ಕೊನೇ ಕಾಲಮ್ಮು ಪೋಷಕರ ಸಹಿ. ಪ್ರತಿ ಹೆಸರಿನ ಮುಂದೆಯೂ ಸಹಿ ಹಾಕುವ ಜಾಗದಲ್ಲಿ ಅವರು ಪೆನ್ಸಿಲ್ಲಿನಿಂದ ಸಣ್ಣದೊಂದು ಗುಣಿಸುವ ಗುರುತು ಹಾಕುತ್ತಿದ್ದರು, ಓದು ಬಾರದ ತಾಯಂದಿರಿಗೂ ಜಾಗ ಗೊತ್ತಾಗಲಿ ಅಂತ. ನನ್ನ ಸಾಲಿಗೂ ಹಾಕಿದ್ದರು. ನನಗೆ ಯಾರು ಸಹಿ ಹಾಕುತ್ತಾರೆ? ಅಪ್ಪನ ಮುಖ ಕಣ್ಮುಂದೆ ಬಂತು. ಗಂಡನನ್ನು ಕರೀಲಾ ಅಂತ ಕೇಳಿದೆ.

"ಗಂಡ ಪೋಷಕ ಅಲ್ಲ ಕಣಮ್ಮ," ಅಂದರು. ಆ ಗುರುತಿನ ಮೇಲೆ ತಾವೇ ಸಹಿ ಹಾಕಿದರು. "ಈ ಊರಲ್ಲಿ ನಿನ್ನ ಕಡೆಯೋರು ಅಂತ ಒಬ್ರಾದ್ರೂ ಬ್ಯಾಡ್ವಾ?"

ಅಳು ಬಂತು, ಅಲ್ಲೇ, ಎಲ್ಲರ ಮುಂದೆ. ನಾಚಿಕೆಯೇನೂ ಆಗಲಿಲ್ಲ.

ಹೀಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಹಲ್ಲು ಬಿದ್ದ ಮಕ್ಕಳ ನಡುವೆ, ಮೊಣಕಾಲು ಎದೆಗೆ ತಾಗುವಂಥ ಬೆಂಚಿನ ಮೇಲೆ ಕೂತೆ. ಮಕ್ಕಳು ನನ್ನನ್ನು 'ದೊಡ್ಡಕ್ಕ' ಅನ್ನುತ್ತಿದ್ದರು, ಜಪ ಮರೆತರೆ ಪಿಸುಗುಟ್ಟಿ ಹೇಳಿಕೊಡುತ್ತಿದ್ದರು. ಚರ್ಚಿನ ಅಂಗಳದ ಕಲ್ಲುಗವಿಯಲ್ಲಿದ್ದ ಮಾತೆ ಮರಿಯಮ್ಮನ ಪ್ರತಿಮೆಗೆ ನಾನು ಅಭ್ಯಾಸಬಲದಿಂದ ಮೂರು ಸುತ್ತು ಬಂದಾಗ ಅವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಟೀಚರ್ ಮಾತ್ರ, "ಸುತ್ತಲಿ ಬುಡ್ರೋ. ಅವಳು ಸುತ್ತಿದ್ರೆ ಮಾತೆಗೇನ್ ತಲೆ ತಿರುಗಲ್ಲ," ಅಂದು ಪಾಠ ಮುಂದುವರಿಸಿದರು.

ಅವರದ್ದೊಂದು ಕ್ರಮವಿತ್ತು. ಹಾಜರಿ ಪುಸ್ತಕದಲ್ಲಿ ಯಾವತ್ತೂ 'ಗೈರು' ಎಂದು ಬರೆಯುತ್ತಿರಲಿಲ್ಲ. ಬಾರದ ಮಗುವಿನ ಹೆಸರಿನ ಮುಂದೆ ಆ ದಿನದ ಮನೆ ಖಾಲಿ ಬಿಡುತ್ತಿದ್ದರು. ಆ ಮಗು ವಾರದೊಳಗೆ ಟೀಚರ್ ಮನೆಗೆ ಹೋಗಿ ತಪ್ಪಿದ ಪಾಠ ಒಪ್ಪಿಸಿದರೆ ಅಲ್ಲಿ ಹಾಜರಿ ಬೀಳುತ್ತಿತ್ತು. "ಗೈರು ಅಂತ ಬರೆದುಬುಟ್ರೆ ಇನ್ನು ಬರಲ್ಲ ಅಂತ ನಾವೇ ಒಪ್ಕೊಂಡಂಗೆ," ಅನ್ನುತ್ತಿದ್ದರು.

ನಾನು ಬೇಕಂತಲೇ ಕ್ಲಾಸು ತಪ್ಪಿಸತೊಡಗಿದೆ. ಕಾರಣ ಇಷ್ಟೇ, ಬುಧವಾರ ಅವರ ಮನೆಗೆ ಹೋಗಬಹುದಿತ್ತು. ವಠಾರದ ಕೊನೆಯ ಒಂದೇ ರೂಮು. ಹೊಲಿಗೆ ಮೆಷಿನ್ನು, ಸುತ್ತ ಸ್ಕೂಲ್ ಯೂನಿಫಾರಂ ಬಟ್ಟೆಯ ರಾಶಿ, ಮಂಚದ ಕೆಳಗೆ ನುಸಿಗುಳಿಗೆ ಹಾಕಿದ ಟ್ರಂಕು. ಆ ಟ್ರಂಕಿನಲ್ಲೇ ರಿಜಿಸ್ಟರು. ವಾರದ ದಿನಗಳಲ್ಲಿ ಅವರು ಊರ ಮಕ್ಕಳಿಗೆ ಚಡ್ಡಿ, ಲಂಗ ಹೊಲಿದು ಬದುಕುತ್ತಿದ್ದರು. ನಾನು ಪಾಠ ಒಪ್ಪಿಸುತ್ತಿದ್ದೆ, ಅವರು ಮೆಷಿನ್ ತುಳಿಯುತ್ತಾ ತಿದ್ದುತ್ತಿದ್ದರು, ಆಮೇಲೆ ಒಂದೇ ಲೋಟದಷ್ಟು ಟೀಯನ್ನು ಎರಡು ಮಾಡಿ ಕುಡಿಯುತ್ತಿದ್ದೆವು. ಯಾಕೆ ಮದುವೆಯಾಗಲಿಲ್ಲ ಅಂತ ಒಮ್ಮೆ ಕೇಳಿದೆ. "ಆಗ್ಲಿಲ್ಲ ಬುಡು," ಅಂದರು. ಗುಬ್ಬಿಯಲ್ಲಿ ತಮ್ಮ ಇದ್ದಾನೆ, ಅವನನ್ನು ಓದಿಸಿದ್ದು ತಾವೇ ಅಂತ ಇನ್ನೊಮ್ಮೆ ಹೇಳಿದ್ದರು. ಆ ತಮ್ಮ ಅಲ್ಲಿಗೆ ಬಂದಿದ್ದನ್ನು ನಾನು ಕಾಣೆ. ನಾನು ಹೊರಟಾಗ ಬಾಗಿಲಲ್ಲಿ ನಿಂತು, ತಿರುವಿನವರೆಗೂ ನೋಡುತ್ತಿದ್ದರು. ನನಗೆ ಯಾರೂ ಇಲ್ಲ ಎಂಬ ದುಃಖದಲ್ಲಿ, ಅವರಿಗೂ ಯಾರೂ ಇಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ಮಾರನೇ ವರ್ಷ ಈಸ್ಟರ್ ಹೊತ್ತಿಗೆ ನನಗೆ ಜ್ಞಾನಸ್ನಾನವಾಯಿತು. ಮೂರು ವರ್ಷಕ್ಕೆ ಮಗ ಹುಟ್ಟಿದ. ಅವನ ಜ್ಞಾನಸ್ನಾನದ ದಿನ ಟೀಚರ್ ಬಟ್ಟೆ ಚೀಲದಿಂದ ರಿಜಿಸ್ಟರ್ ತೆಗೆದು, ಕೊನೆಯ ಕಡೆಯ ಹಾಳೆಯೊಂದರಲ್ಲಿ ಪೆನ್ಸಿಲ್ಲಿನಿಂದ ಅವನ ಹೆಸರು ಬರೆದುಕೊಂಡರು. ಜ್ಞಾನಸ್ನಾನ ಪಡೆದ ಪ್ರತಿ ಮಗುವಿನ ಹೆಸರನ್ನೂ ಏಳು ವರ್ಷ ಮುಂದಿನ ಕ್ಲಾಸಿಗೆ ಹೀಗೆ ಬರೆದಿಡುತ್ತಿದ್ದರು. ಮಗು ಸೇರುವ ದಿನ ಅದರ ಮೇಲೆ ಇಂಕಿನಲ್ಲಿ ತಿದ್ದುವುದು. ಊರು ಬಿಟ್ಟುಹೋದ, ಬೇರೆ ಕಡೆ ಸೇರಿದ ಮಕ್ಕಳ ಹೆಸರನ್ನು ರಬ್ಬರಿನಿಂದ ಅಳಿಸುವುದು. ಕೋಪಕ್ಕಲ್ಲ, ಆ ಸಾಲು ಇನ್ನೊಂದು ಮಗುವಿಗೆ ಬೇಕಾಗುತ್ತದೆ ಅಂತ.

"ನನ್ ಹತ್ರಾನೇ ಕಳಿಸ್ತೀಯ ತಾನೆ?"

"ನಿಮ್ಮನ್ ಬಿಟ್ರೆ ಇನ್ಯಾರ ಹತ್ರ ಕಳಿಸ್ಲಿ ಟೀಚರ್?" ಅಂದೆ. ಎಷ್ಟು ಸಲೀಸಾಗಿ ಅಂದೆ!

ಏಳು ವರ್ಷ ಯಾವ ಮಾಯದಲ್ಲೋ ಕಳೆಯಿತು. ಅಷ್ಟರಲ್ಲಿ ಎರಡು ಸಾವಿರ ಇಸವಿ ದಾಟಿ, ಜಗಲಿಯ ಮೇಲೆ ಎರಡನೇ ಮೇಜು ಬಂದಿತ್ತು. ಅದು ಇಂಗ್ಲಿಷ್ ಉಪದೇಶದ ಕ್ಲಾಸಿನದ್ದು. ಬಣ್ಣದ ಪುಸ್ತಕ, ಸ್ಟಿಕ್ಕರು, ಚೂಡಿದಾರ್ ಹಾಕಿದ ಹೊಸ ಟೀಚರ್‌ಗಳು. ಅಲ್ಲಿ ಸಾಲು ಬೆಳೆಯುತ್ತಾ ಹೋಯಿತು, ಇಲ್ಲಿ ಕರಗುತ್ತಾ ಬಂತು. ನನ್ನ ಮಗ ಸೇರಬೇಕಾದ ವರ್ಷ ಫಾದರ್ ಪೂಜೆಯ ಕೊನೆಗೆ ಹೇಳಿದರು, ಕನ್ನಡ ಕ್ಲಾಸಿಗೆ ಐದು ಮಕ್ಕಳಾದರೂ ಸೇರದಿದ್ದರೆ ಈ ವರ್ಷದಿಂದ ಎರಡನ್ನೂ ಒಂದು ಮಾಡುತ್ತೇವೆ ಅಂತ. ಒಂದು ಮಾಡುವುದೆಂದರೆ ಇಂಗ್ಲಿಷಿನಲ್ಲಿ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಹೆಸರು ಬರೆಸುವ ಹಿಂದಿನ ದಿನ ಟೀಚರ್ ನಮ್ಮ ಮನೆಗೆ ಬಂದರು. ಎಂದೋ ನಾನು ಕೊಟ್ಟಿದ್ದ ಟಿಫನ್ ಡಬ್ಬಿ ವಾಪಸ್ ಕೊಡುವ ನೆಪ. ನಾಲ್ಕು ಮಕ್ಕಳು ಗಟ್ಟಿ ಅಂದರು. ಐದನೆಯದು ಯಾರು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟುತ್ತಾ, "ನಾಳೆ ಬರ್ತೀಯಲ್ಲ?" ಅಂದರು.

"ಬರ್ತೀನಿ ಟೀಚರ್."

ಗಂಡನ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಅದು ಸುಳ್ಳು. ಅವರು ಆಗ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದರು, "ನಿನ್ನಿಷ್ಟ" ಅಂದುಬಿಟ್ಟಿದ್ದರು. ಮಗ ಸ್ನೇಹಿತರೆಲ್ಲ ಅಲ್ಲಿದ್ದಾರೆ ಎಂದು ಹಟ ಮಾಡಿದ ನಿಜ, ಒಂದು ಗದರಿದರೆ ಸುಮ್ಮನಾಗುತ್ತಿದ್ದ. ಆಸೆ ನನ್ನದೇ. ಎಲ್ಲರೂ ಏಳುವಾಗ ಕೂತಿದ್ದವಳು ನಾನು. ನನ್ನ ಮಗ ಎಲ್ಲರ ಜೊತೆ ಇರಲಿ, ಯಾರೂ ಅವನ ಹಿಂದೆ ಕಿಸಕ್ಕೆನ್ನದಿರಲಿ ಎಂಬ ಆಸೆ. ನಾನು ಒಂಟಿಯಾಗಿದ್ದಾಗ ನನ್ನ ಪಕ್ಕ ನಿಂತವರನ್ನು ಒಂಟಿ ಮಾಡಿ ಆ ಆಸೆ ತೀರಿಸಿಕೊಂಡೆ.

ಆ ಭಾನುವಾರ ಟೀಚರ್ ಮೇಜಿನ ಮೇಲೆ ರಿಜಿಸ್ಟರ್ ತೆರೆದುಕೊಂಡು, ಪೆನ್ನಿನ ಕ್ಯಾಪು ತೆಗೆದು ಹಿಡಿದು ಕೂತಿದ್ದರು. ನಾವು ಮೆಟ್ಟಿಲು ಹತ್ತಿದ್ದನ್ನು ಕಂಡು ಪುಸ್ತಕವನ್ನು ನಮ್ಮ ಕಡೆಗೆ ಅರ್ಧ ತಿರುಗಿಸಿದರು ಕೂಡ. ನಾನು ಮಗನ ಕೈ ಹಿಡಿದು ಅವರ ಮೇಜು ದಾಟಿ ಆಚೆ ಸಾಲಿನ ಕೊನೆಯಲ್ಲಿ ನಿಂತೆ. ಬೆನ್ನ ಮೇಲೆ ಅವರ ಕಣ್ಣಿದೆ ಅಂತ ಗೊತ್ತಿತ್ತು. ತಿರುಗಲಿಲ್ಲ.

ವಾಪಸ್ ಬರುವಾಗ ಬೇರೆ ದಾರಿ ಇರಲಿಲ್ಲ, ಅವರ ಮುಂದೆಯೇ ಬರಬೇಕು. ಮಗನ ಕೆನ್ನೆ ತಟ್ಟಿದರು. ನಾನು ಏನೋ ತೊದಲಿದೆ, ಸ್ಕೂಲು, ಸ್ನೇಹಿತರು ಅಂತೆಲ್ಲ... "ಎಲ್ಲಾದ್ರೂ ಕಲೀಲಿ ಬುಡಮ್ಮ," ಅಂದರು. "ದೇವ್ರಿಗೆ ಇಂಗ್ಲಿಷೂ ಬರುತ್ತೆ. ಬರ್ದೇ ಇರೋದು ನಂಗೇ." ನಕ್ಕರು. ಪೆನ್ನಿಗೆ ಕ್ಯಾಪು ಹಾಕಿಕೊಂಡರು.

ಮುಂದಿನ ವಾರ ಕನ್ನಡ ಕ್ಲಾಸು ನಿಂತಿತು. ಆಮೇಲೆ ನಾನು ಅವರ ವಠಾರದ ಕಡೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಪೂಜೆಯಲ್ಲಿ ದೂರದಿಂದ ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದೆ. ಎರಡು ವರ್ಷದ ಮೇಲೆ ಕಣ್ಣು ಮಂಜಾಗಿ ಹೊಲಿಗೆ ಬಿಟ್ಟರಂತೆ, ತಮ್ಮನ ಮನೆಗೆಂದು ಗುಬ್ಬಿಗೆ ಹೋದರಂತೆ. ಒಮ್ಮೆ ಗುಬ್ಬಿಗೆ ಬಸ್ ಹತ್ತಿದೆ. ಬಾಳೆಹಣ್ಣು, ಬನ್ನು ಕಟ್ಟಿಸಿಕೊಂಡಿದ್ದೆ. ಸ್ಟ್ಯಾಂಡಿನಲ್ಲಿ ಇಳಿದು ಅರ್ಧ ಗಂಟೆ ಕಲ್ಲುಬೆಂಚಿನ ಮೇಲೆ ಕೂತು, ಅದೇ ಬಾಳೆಹಣ್ಣು ಹಿಡಿದುಕೊಂಡು ತುಮಕೂರಿನ ಬಸ್ ಹತ್ತಿ ವಾಪಸ್ ಬಂದೆ. ಮುಂದಿನ ವರ್ಷ ಒಂದು ಭಾನುವಾರ ಪೂಜೆಯಲ್ಲಿ ಸತ್ತವರ ಆತ್ಮಶಾಂತಿಗಾಗಿ ಓದುವ ಹೆಸರುಗಳಲ್ಲಿ ಅವರ ಹೆಸರು ಬಂತು. ಮಣ್ಣು ಮಾಡಿ ಆಗಲೇ ಹತ್ತು ದಿನವಾಗಿತ್ತು.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ರಿಜಿಸ್ಟರ್ ತೆಗೆದೆ. ನನ್ನ ಸಾಲು ಸಿಕ್ಕಿತು. ತಪ್ಪಿಸಿದ ಭಾನುವಾರಗಳೆಲ್ಲ ಬೇರೆ ಇಂಕಿನಲ್ಲಿ ತುಂಬಿದ್ದವು, ಪೋಷಕರ ಜಾಗದಲ್ಲಿ ಅವರ ಸಹಿ. ಹಾಳೆ ತಿರುವುತ್ತಾ ಹೋದಂತೆ ರಬ್ಬರಿನಿಂದ ಉಜ್ಜಿ ಕಾಗದ ತೆಳುವಾದ ಸಾಲುಗಳು ಹೆಚ್ಚುತ್ತಾ ಹೋದವು. ಕೊನೆಯ ಹಾಳೆಯಲ್ಲಿ ಇಂಕಿನಲ್ಲಿ ನಾಲ್ಕು ಹೆಸರು, ಪ್ರತಿಯೊಂದರ ಮುಂದೆಯೂ 'ಇಂಗ್ಲಿಷ್ ಕ್ಲಾಸಿಗೆ ಕಳಿಸಿದೆ' ಎಂದು ಅವರ ದುಂಡು ಅಕ್ಷರ. ಐದನೆಯ ಸಾಲಿನಲ್ಲಿ ಪೆನ್ಸಿಲ್ಲಿನಲ್ಲಿ ನನ್ನ ಮಗನ ಹೆಸರು. ಅಳಿಸಿರಲಿಲ್ಲ. ಮುಂದೆ ಸಾಲಾಗಿ ಖಾಲಿ ಮನೆಗಳು. ಒಂದರಲ್ಲೂ 'ಗೈರು' ಎಂದಿರಲಿಲ್ಲ. ಕೊನೆಯಲ್ಲಿ, ನಾನು ಸಹಿ ಹಾಕಬೇಕಾದ ಕಡೆ, ಆ ಸಣ್ಣ ಗುಣಿಸುವ ಗುರುತು.

ಸಂಜೆ ಮಗ ಬಂದಾಗ ಕನ್ನಡದಲ್ಲಿ ಒಂದು 'ನಮೋ ಮರಿಯ' ಜಪ ಹೇಳೋ ಅಂದೆ. ಕಾಲೇಜು ಮುಗಿಸಿದ ಹುಡುಗ. ಎರಡು ಸಾಲು ಹೇಳಿ, ಮುಂದಕ್ಕೆ ಬಾರದೆ ನಕ್ಕು, "ಯಾಕಮ್ಮ ಈಗ?" ಅಂದ. ಏನಿಲ್ಲ ಬಿಡು ಅಂದೆ.

ಅವನು ಒಳಗೆ ಹೋದ ಮೇಲೆ ಪೆನ್ನು ತೆಗೆದುಕೊಂಡು ಆ ಗುರುತಿನ ಮುಂದೆ ಬಹಳ ಹೊತ್ತು ಕೂತೆ. ತಪ್ಪಿದ ಪಾಠವನ್ನು ಅವರ ಮನೆಗೆ ಹೋಗಿ ಒಪ್ಪಿಸಿದರೆ ತಾನೇ ಹಾಜರಿ. ಆ ವಠಾರ ಕೆಡವಿ ಈಗ ಅಲ್ಲಿ ಕಾಂಪ್ಲೆಕ್ಸ್ ಕಟ್ಟಿದ್ದಾರೆ. ಪೆನ್ನಿಗೆ ಕ್ಯಾಪು ಹಾಕಿದೆ.