ಉದುರಿದ ಪತ್ರೆಹಣ್ಣಿನ ಮುರಬ್ಬ

ನನ್ನ ಮೊಮ್ಮಗಳು ರೊಟ್ಟಿ ಕೇಳಿದಳು! ತಾನಾಗಿಯೇ, ಬಾಯಿಬಿಟ್ಟು, "ಅಜ್ಜೀ, ರೊಟ್ಟಿ ಕೊಡು" ಅಂದಳು. ಒಲೆಯ ಮುಂದೆ ಕೂತಿದ್ದ ನಾನು ಎದ್ದು ಬೀದಿಗೇ ಓಡಿ, ಹೋಗೋರಿಗೆ ಬರೋರಿಗೆಲ್ಲ ಹೇಳಿದೆ. ಆ ಸಂತೋಷ ಇವತ್ತು ನೆನೆದರೂ ಎದೆ ತುಂಬಿ ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಿದ್ದದ್ದು ಚಳ್ಳಕೆರೆ ಹತ್ತಿರದ ನನ್ನಿವಾಳದಲ್ಲಿ. ಆ ಬೇಸಿಗೆಯಲ್ಲಿ ಮಗುವಿಗೆ ವಿಷಮಜ್ವರ ಬಂತು. ಜ್ವರ ಇಳಿದ ಮೇಲೂ ಊಟಕ್ಕೆ ಬಾಯಿ ತೆರೆಯಲಿಲ್ಲ. ಗಂಜಿ ಹಿಡಿದರೆ ಹಲ್ಲು ಕಚ್ಚುವಳು. ಡಾಕ್ಟರು, "ಔಷಧ ಸಾಕು, ಇನ್ನು ಉಂಡರೇನೇ ಮಗು ಉಳಿಯೋದು" ಅಂದುಬಿಟ್ಟರು. ಸೊಸೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟಳು.

ನನಗೆ ನನ್ನ ಅವ್ವ ನೆನಪಾದಳು. ದೇವಸಮುದ್ರದಲ್ಲಿ ನಾವು ಚಿಕ್ಕವರಿದ್ದಾಗ, ಜ್ವರ ಬಿಟ್ಟು ಬಾಯಿ ಕೆಟ್ಟರೆ, ಅವ್ವ ಪತ್ರೆಕಾಯಿ ಮುರಬ್ಬದ ಒಂದು ಚೂರು ನಾಲಿಗೆಗೆ ಇಡುತ್ತಿದ್ದಳು. ಬಿಲ್ವಪತ್ರೆ ಮರದ ಕಾಯಿ, ಸಕ್ಕರೆ ಪಾಕದಲ್ಲಿ ಬೆಂದು ಜೇನಿನ ಬಣ್ಣಕ್ಕೆ ತಿರುಗಿದ್ದು. ಮೊಳಕಾಲ್ಮೂರು ಸಂತೆಯಿಂದ ತರುತ್ತಿದ್ದಳು.

ಚಳ್ಳಕೆರೆ ಪೇಟೆಯಲ್ಲಿ ಮುರಬ್ಬ ಮಾರುವ ಸಾಬರನ್ನು ಹುಡುಕಿಕೊಂಡು ಹೋದೆ.

"ನೆಲ್ಲಿಕಾಯಿದು ಐತಮ್ಮ. ಪತ್ರೆಕಾಯಿದು ಯಾರೂ ಕೇಳಲ್ಲ, ಬಿಟ್ಬಿಟ್ಟೆ" ಅಂದರು. ಆಮೇಲೆ ನನ್ನ ಮುಖ ನೋಡಿ ಸ್ಟೂಲು ಎಳೆದು ಕೂರಿಸಿದರು. "ನಮ್ಮ ತಾತನ ತಾತ ಬಿಹಿ ಹಣ್ಣಿಂದು ಮಾಡ್ತಿದ್ರಂತೆ. ನೋಡಾಕೆ ಸೇಬಿನಂಗೆ. ಹಸೀದು ತಿಂದ್ರೆ ಒಗರು, ಬೇಯಿಸಿದ್ರೆ ಘಮ. ಚಳಿ ಸೀಮೇದು ಅದು. ನಮ್ಮೋರು ಈ ಬಿಸಿಲ ಸೀಮೆಗೆ ಬಂದ್ಮೇಲೆ ಬಿಹಿ ಎಲ್ಲಿ ಸಿಗಬೇಕು? ಅದರ ಬದ್ಲು ಪತ್ರೆಕಾಯಿ ಹಾಕಿದ್ರು."

"ನೀವು ತಿಂದಿದ್ದೀರಾ ಬಿಹಿನ?"

"ನಾನಾ? ಬರೀ ಹೆಸರು ತಿಂದೀನಿ!"

ಮಾಡುವ ಬಗೆ ಹೇಳಿಕೊಟ್ಟರು. ದೋರೆಗಾಯಿಯೇ ಆಗಬೇಕು, ಹಣ್ಣಾದರೆ ಹೋಳು ನಿಲ್ಲುವುದಿಲ್ಲ ಎಂದು ಒತ್ತಿ ಒತ್ತಿ ಹೇಳಿದರು.

ಅಲ್ಲೇ ತೊಡಕು. ನಮ್ಮ ಮನೆತನದಲ್ಲಿ ಪತ್ರೆ ಮರದ ಕಾಯಿ ಕೀಳುವಂತಿಲ್ಲ. ಶಿವನ ಮರ, ತಾನಾಗಿ ಉದುರಿದ್ದಷ್ಟೇ ನಮ್ಮದು. ಗುಡಿಯ ಮುಂದಿನ ಪತ್ರೆ ಮರದ ಕೆಳಗೆ ಕೋಲು ಹಿಡಿದು ನಿಂತ ನನ್ನನ್ನು ಕಂಡು ಯಜಮಾನರು ಗದರಿದರು: "ಏನೇ, ಶಿವನಿಗೇ ಕೋಲು ತೋರಿಸ್ತೀಯಾ?"

"ಅವನಿಗೂ ಒಬ್ಬಳು ಮೊಮ್ಮಗಳು ಇದ್ದಿದ್ರೆ ಗೊತ್ತಾಗ್ತಿತ್ತು, ಬಿಡ್ರೀ" ಅಂದೆ. ಬಾಯಿ ಅಂದಿತು, ಕೋಲೆತ್ತಲು ಕೈ ಬರಲಿಲ್ಲ. ಬಿದ್ದದ್ದನ್ನೇ ಆರಿಸಿ ತಂದೆ. ಒಂದೂ ಕಾಯಿಯಿಲ್ಲ, ಎಲ್ಲವೂ ಘಮಘಮ ಹಣ್ಣು.

ಕಲ್ಲಿಗೆ ಕುಟ್ಟಿ ಒಡೆದು, ಬೀಜ ತೆಗೆದು, ಪಾಕಕ್ಕೆ ಹಾಕಿದೆ. ಸಾಬರು ಹೇಳಿದಂತೆಯೇ ಹೋಳೆಲ್ಲ ಕರಗಿ ಕೆಸರಾಯಿತು. ಸೊಸೆ ಪಾತ್ರೆಗೆ ಇಣುಕಿ, "ಅತ್ತೇ, ಇದ್ರಲ್ಲಿ ಗೋಡೆ ಸಾರಿಸಬಹುದು" ಅಂದಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ! ನಾನೂ ನಕ್ಕೆ. ನಗು ಕೇಳಿ ಮಗು ಚಾಪೆಯಿಂದ ಎದ್ದು ಬಂತು. ಆರಿದ ಸೌಟಿಗೆ ಬೆರಳು ಹಚ್ಚಿ ನೆಕ್ಕಿತು. ಮತ್ತೆ ಹಚ್ಚಿತು. ಹೋಳಾಗಿದ್ದರೆ ಅಗಿಯಲು ಬೇಸತ್ತು ಉಗುಳುತ್ತಿತ್ತೇನೋ, ಇದು ನಾಲಿಗೆಯ ಮೇಲೆ ತಾನೇ ಜಾರಿತು. ಆಮೇಲೆಯೇ ಅವಳು ರೊಟ್ಟಿ ಕೇಳಿದ್ದು, ನಾನು ಬೀದಿಗೆ ಓಡಿದ್ದು.

ಸಂಜೆ ಮಗ ಬರುವುದನ್ನೇ ಕಾದು ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ನಮ್ಮಲ್ಲಿ ಸಾಲಿನಲ್ಲಿ ಕೂತ ಎಲ್ಲರೂ ಉಂಡು ಮುಗಿಸುವ ತನಕ ಯಾರೂ ಏಳುವುದಿಲ್ಲ. ಮಗು ರೊಟ್ಟಿಯನ್ನು ಚೂರುಚೂರೇ ಮುರಿದು, ಮುರಬ್ಬಕ್ಕೆ ಅದ್ದಿ, ನಿಧಾನವಾಗಿ ತಿನ್ನುತ್ತಿತ್ತು. ಯಜಮಾನರ ಕಾಲು ಜೋಮು ಹಿಡಿಯಿತು.

"ಇನ್ನು ಏಳಬಹುದೇನೇ?" ಅಂದರು.

"ಕೂತ್ಕೊಳ್ರೀ. ಅವಳು ಇನ್ನೂ ಉಣ್ತಾ ಅವಳೆ."

ಎಂಜಲು ಕೈ ಒಣಗುತ್ತಿತ್ತು. ಎಲ್ಲರೂ ಅವಳ ಬಾಯನ್ನೇ ನೋಡುತ್ತ ಹಾಗೇ ಕೂತಿದ್ದೆವು.