ಕೆಲಸ ಹೇಳದ ಮರ

ನಮ್ಮ ಯಜಮಾನರು ಸೋಮಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರಿಗೆ ಬೇರೆ ಅನ್ನಿಸಬಹುದು. ಸಿರಾದ ಪೇಟೆಯಲ್ಲಿ ನಲ್ಲಿ, ಪೈಪು, ಬಣ್ಣ ಮಾರುವ ಅಂಗಡಿ ಅವರದು. ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆಯವರೆಗೆ ನಿಂತೇ ಇರುತ್ತಾರೆ. ಆದರೆ ಮನೆಗೆ ಬಂದಮೇಲೆ ಯಾವ ವಸ್ತುವೂ ತಮ್ಮಿಂದ ಏನನ್ನೂ ಕೇಳಬಾರದು ಎಂಬುದು ಅವರ ನಿಲುವು. ಗೋಡೆ ಗಡಿಯಾರ ನಿಂತುಹೋದರೆ, ಅದಕ್ಕೆ ಸೆಲ್ ಹಾಕುವ ಬದಲು, "ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ" ಎನ್ನುವವರು.

ಹಳೆಯ ಹೆಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿದಾಗ ಮುಂದಿನ ಅಂಗಳಕ್ಕೆ ಪೂರ್ತಿ ಟೈಲ್ಸ್ ಹಾಕಿಸಬೇಕೆಂದು ಅವರು, ಬೇಡವೆಂದು ನಾನು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ವರ್ಷವರ್ಷವೂ ಮಕ್ಕಳ ಕೈಲಿ ಮರಗಳ ಮಹತ್ವದ ಮೇಲೆ ಪ್ರಬಂಧ ಬರೆಸಿ, ನನ್ನ ಮನೆಯ ಮುಂದೆ ಒಂದು ಕಡ್ಡಿಯೂ ಇಲ್ಲದಿದ್ದರೆ ಹೇಗೆ? ಕೊನೆಗೆ ಗೇಟಿನ ಪಕ್ಕ ಒಂದು ಚೌಕ ಮಣ್ಣು ಉಳಿಯಿತು. ಅಲ್ಲಿ ಯಾವ ಮರ ಎಂಬುದು ಮುಂದಿನ ಜಗಳ.

ಒಂದು ಸಂಜೆ ಯಜಮಾನರು ಚಹಾ ಕುಡಿಯುತ್ತ ತಮ್ಮ ಷರತ್ತು ಹೇಳಿದರು. "ನೀರು ಕೇಳಬಾರದು. ಎಲೆ ಉದುರಿಸಬಾರದು. ಬೇರು ಸಂಪಿನ ಕಡೆ ಹೋಗಬಾರದು. ಕರೆಂಟಿನ ತಂತಿ ಮುಟ್ಟಬಾರದು. ಹುಳ ಬೀಳಬಾರದು. ನೋಡೋಕೆ ಮಾತ್ರ ಚೆನ್ನಾಗಿರಬೇಕು."

"ನಿನ್ನ ಅಬ್ಬಾನೂ ಇಂಥದೇ ಸೊಸೆ ಬೇಕು ಅಂತ ಊರೆಲ್ಲ ಹುಡುಕಿದ್ರು," ಎಂದರು ನನ್ನ ಅತ್ತೆ, ನನ್ನ ಕಡೆ ನೋಡದೆ. ನಾವೆಲ್ಲ ಅವರನ್ನು ಅಮ್ಮಿ ಎನ್ನುತ್ತೇವೆ. ಮನೆಯೊಳಗಿನ ನಮ್ಮ ಮಾತು ಉರ್ದು. ಆದರೆ ಅಮ್ಮಿಯ ಉರ್ದುವಿನಲ್ಲಿ ಅರ್ಧ ಸಿರಾದ ಕನ್ನಡವೇ ಇರುವುದರಿಂದ ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುವುದು ನನಗೇನೂ ಕಷ್ಟವಾಗಿಲ್ಲ.

ಎದುರುಮನೆಯ ಅಕ್ಕ ಅಂಗನವಾಡಿಯಲ್ಲಿದ್ದು ನಿವೃತ್ತರಾದವರು. ಸಂಜೆಯಾದರೆ ನಮ್ಮ ಮೆಟ್ಟಿಲ ಮೇಲೆ ಅಮ್ಮಿಯ ಜೊತೆ ಕೂರುತ್ತಾರೆ. ಅವರು ಬೇವು ಹಾಕಿ ಎಂದರು. ಎಲೆ ಉದುರುತ್ತದೆ ಎಂದರು ಯಜಮಾನರು. ಹೊಂಗೆ? ಹೂವು ಉದುರುತ್ತದೆ. ಪಾರಿಜಾತ? ಅದಕ್ಕೆ ಉದುರುವುದೇ ಕೆಲಸ. ಸಂಪಿಗೆ? ಹಾವು ಬರುತ್ತದಂತೆ.

"ಉದುರ್ದೇ ಇರೋ ಮರ ಬೇಕು ಅಂದ್ರೆ ನಿಮ್ಮ ಅಂಗಡಿ ಬಣ್ಣದಾಗೇ ಗೋಡೆ ಮ್ಯಾಲೆ ಬರೆಸ್ಕೊಂಬುಡಿ ಸಾಬ್ರೇ," ಎಂದರು ಅಕ್ಕ.

ಪಾವಗಡದ ಕಡೆ ರಾಯಚರ್ಲಿನ ಹತ್ತಿರ ಮೇಷ್ಟರಾಗಿರುವ ನನ್ನ ತಮ್ಮ ಫೋನಿನಲ್ಲಿ ಇನ್ನೊಂದು ಸಲಹೆ ಕೊಟ್ಟ. "ನಮ್ಮ ಕಡೆ ಬಂದು ನೋಡಿ ಭಾವ. ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಪ್ಯಾನೆಲ್ ನೆಟ್ಟವ್ರೆ. ಎಲೆ ಉದುರಲ್ಲ, ಹುಳ ಬೀಳಲ್ಲ, ಕೆಳಗೆ ಕುರಿ ಮಲಗೋಷ್ಟು ನೆರಳು."

ಯಜಮಾನರು ಒಂದು ಗಳಿಗೆ ಅದನ್ನು ನಿಜಕ್ಕೂ ಯೋಚಿಸಿದರು. ಆಮೇಲೆ, "ಅದಕ್ಕೂ ಧೂಳು ಒರೆಸಬೇಕಂತೆ," ಎಂದು ಬೇಸರದಿಂದ ಫೋನು ನನಗೆ ಕೊಟ್ಟರು.

ಬಿಸಿಲು ಏರತೊಡಗಿದ ಒಂದು ಭಾನುವಾರ ಅಕ್ಕ ಗೊರವನಹಳ್ಳಿಯ ಮಹಾಲಕ್ಷ್ಮಿ ದರ್ಶನಕ್ಕೆ ಹೊರಟಿದ್ದರು. ಬಸ್ಸು ಬದಲಿಸುವ ಕಷ್ಟ ಯಾಕೆ, ಕೊರಟಗೆರೆ ಕಡೆ ನರ್ಸರಿ ನೋಡಿದ ಹಾಗೂ ಆಗುತ್ತದೆ ಎಂದು ಯಜಮಾನರು ನಮ್ಮ ಓಮ್ನಿ ವ್ಯಾನು ತೆಗೆದರು. ಅಮ್ಮಿ ಮುಂದಿನ ಸೀಟಿನಲ್ಲಿ, ನಾನೂ ಅಕ್ಕನೂ ಹಿಂದೆ.

ದಾರಿಯುದ್ದಕ್ಕೂ ಅವರು ರಸ್ತೆ ನೋಡಿದ್ದಕ್ಕಿಂತ ಬೇರೆಯವರ ಮನೆಯಂಗಳ ನೋಡಿದ್ದೇ ಹೆಚ್ಚು. ಬಡವನಹಳ್ಳಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿ, ಹೋಟೆಲಿನ ಪಕ್ಕದ ಮನೆಯ ಬಾದಾಮಿ ಮರದ ಕೆಳಗೆ ನಿಂತು ಮೇಲೆ ನೋಡಿದರು. ಊಟದೆಲೆಯಷ್ಟು ದೊಡ್ಡ ಕೆಂಪು ಎಲೆಯೊಂದು ಅವರ ಚಹಾದ ಲೋಟದ ಮೇಲೇ ಬಂದು ಬಿತ್ತು. ಲೋಟ ಅಲ್ಲೇ ಇಟ್ಟು ವಾಪಸ್ ಬಂದು ಗಾಡಿ ಹತ್ತಿದರು.

ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಬೀದಿಯಲ್ಲಿ, ಮಹಡಿ ಮನೆಯ ಮುಂದೆ ಗೋಪುರದ ಹಾಗೆ ಕತ್ತರಿಸಿದ ಹಸಿರು ಗಿಡಗಳು ಸಾಲಾಗಿ ನಿಂತಿದ್ದವು. ಒಂದು ಎಲೆಯೂ ಕೆಳಗೆ ಬಿದ್ದಿರಲಿಲ್ಲ. ಯಜಮಾನರು ಗಾಡಿ ನಿಲ್ಲಿಸಿ ಗೇಟು ತಟ್ಟಿದರು. ಲುಂಗಿ ಉಟ್ಟ ಮನೆಯೊಡೆಯರು ಹೊರಗೆ ಬಂದು, ನಮ್ಮ ಗಾಡಿಯನ್ನೂ ಅದರೊಳಗಿನ ಮೂವರು ಹೆಂಗಸರನ್ನೂ ನೋಡಿ, "ಯಾರ ಮನೆ ಬೇಕಿತ್ತು?" ಎಂದರು.

"ಮನೆ ಅಲ್ಲ ಸಾರ್, ಗಿಡ. ಇದಕ್ಕೆ ಕೆಲಸ ಏನಾದ್ರೂ ಇರುತ್ತಾ?"

ಆ ಮನುಷ್ಯ ಇಂಥ ಪ್ರಶ್ನೆಗಾಗಿ ಬಹಳ ದಿನದಿಂದ ಕಾದಿದ್ದವರ ಹಾಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇದು ಕೆಲಸ ಹೇಳಲ್ಲ ಸ್ವಾಮಿ. ಸುಮ್ನೆ ನೆಲದಾಗೆ ಹೋಗ್ತಾ ಇರ್ತದೆ. ನಮ್ಮ ಸಂಪು ಒಡೀತು. ಆಮೇಲೆ ಪಕ್ಕದ ಮನೆಯೋರ ಚರಂಡಿ ಪೈಪು. ಈಗ ಅವ್ರು ನಾವು ಮಾತಿಲ್ಲ." ಪೈಪು ಎಂದ ಕೂಡಲೇ ಯಜಮಾನರಿಗೆ ಅಂಗಡಿ ನೆನಪಾಗಿ, ಯಾವ ಪೈಪು, ಎಷ್ಟು ದಪ್ಪ ಎಂದು ವಿಚಾರಿಸತೊಡಗಿದರು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಾಬ್ರೇ, ಮಂಗಳಾರತಿ ಹೊತ್ತಾಯ್ತದೆ," ಎಂದ ಮೇಲೆಯೇ ನಾವು ಹೊರಟದ್ದು.

ಗೊರವನಹಳ್ಳಿಯಲ್ಲಿ ಅಕ್ಕ ದೇವಸ್ಥಾನದ ಸಾಲಿನಲ್ಲಿ ನಿಂತರು. ನಾವು ಬಸ್ಸುಗಳು ನಿಲ್ಲುವ ಕಡೆ ನೆರಳು ಹುಡುಕಿಕೊಂಡೆವು. ಅಲ್ಲಿ ಹೂವು ಮಾರುವ ಹೆಂಗಸಿನ ತಡಿಕೆಯ ಹಿಂದೆ ಒಂದು ಮರವಿತ್ತು. ಬೂದು ಬಣ್ಣದ ದಪ್ಪ ಕೊಂಬೆಗಳು, ಒಂದೇ ಒಂದು ಎಲೆಯಿಲ್ಲ. ಆದರೆ ಕೊಂಬೆ ತುದಿಗೆಲ್ಲ ಬಿಳಿ ಹೂವಿನ ಗೊಂಚಲು, ನಡುವೆ ಅರಿಶಿನದ ಬಣ್ಣ. ದೇವಕಣಗಿಲೆ.

"ಇದಕ್ಕೆ ನೀರು ಹಾಕೋರು ಯಾರಮ್ಮ?" ಎಂದು ಯಜಮಾನರು ಆ ಹೆಂಗಸನ್ನು ಕೇಳಿದರು.

"ಯಾರ್ ಹಾಕ್ತಾರೆ? ನನ್ ಹೂವಿಗೇ ಚಿಮುಕ್ಸೋಕೆ ನೀರಿಲ್ಲ."

"ಗೊಬ್ಬರ?"

ಆಕೆ ಇವರನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಮಲ್ಲಿಗೆಯ ಮಾಲೆ ಕಟ್ಟುವುದಕ್ಕೆ ತಿರುಗಿದಳು. ಯಜಮಾನರ ಮುಖ ನೋಡಬೇಕಿತ್ತು. ನಮ್ಮ ನಿಕಾಹ್ ಆದ ದಿನ ಕೂಡ ಅದು ಅಷ್ಟು ಬೆಳಗಿರಲಿಲ್ಲ.

ನರ್ಸರಿಗೆ ಹೋಗುವ ಮಾತೇ ಬರಲಿಲ್ಲ. ಅಕ್ಕ ಪ್ರಸಾದ ಹಿಡಿದು ಬಂದಾಗ ಅವರು ಮರ ಸಿಕ್ಕಿತು ಎಂದು ತೋರಿಸಿದರು. ಅಕ್ಕ ಕೆನ್ನೆ ಕೆನ್ನೆ ಬಡಿದುಕೊಂಡರು. "ಅದು ದ್ಯಾವಸ್ಥಾನದ ಮರ ಕಣ್ರೀ. ಸಂಸಾರಸ್ಥರ ಮನೆ ಮುಂದೆ ಹಾಕ್ತಾರಾ?"

ಅಮ್ಮಿ ಅಲ್ಲಿಯವರೆಗೂ ಆ ಕೊಂಬೆಗಳನ್ನೇ ನೋಡುತ್ತಿದ್ದರು. ಈಗ, "ಅದು ಗುಲ್‌ಚೀನ್. ಖಬರಸ್ತಾನದ ಝಾಡು, ಗೋರಿ ಹತ್ರ ನೆಡೋ ಮರ. ಬೇಡ," ಎಂದರು.

ಹೀಗೆ ಒಂದೇ ಮರ ಒಬ್ಬರಿಗೆ ದೇವಸ್ಥಾನದ್ದಾಗಿಯೂ ಇನ್ನೊಬ್ಬರಿಗೆ ಖಬರಸ್ತಾನದ್ದಾಗಿಯೂ ಬೇಡವಾಯಿತು. ಎಲ್ಲದರಲ್ಲೂ ಚರ್ಚೆ ಮಾಡುವ ಅವರಿಬ್ಬರೂ ಆ ದಿನ ಸಿರಾ ಮುಟ್ಟುವವರೆಗೆ ಒಗ್ಗಟ್ಟಾಗಿದ್ದರು. ಯಜಮಾನರು ಅಷ್ಟು ನಿಧಾನವಾಗಿ ಗಾಡಿ ಓಡಿಸಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಅಮ್ಮಿಯ 'ಬೇಡ' ನನಗೆ ಅರ್ಥವಾಗಿತ್ತು. ಮಾವನವರನ್ನು ಮಣ್ಣು ಮಾಡಿದ ಜಾಗದ ತಲೆಯ ಕಡೆ ಇಂಥದೇ ಮರವಿದೆ. ನಮ್ಮ ಕಡೆ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಅಮ್ಮಿ ಆಸ್ಪತ್ರೆಗೋ ನೆಂಟರ ಮನೆಗೋ ಆಟೋದಲ್ಲಿ ಹೋಗುವಾಗ ಆ ಗೋಡೆಯ ಹತ್ತಿರ ಬಂದರೆ, "ಸ್ವಲ್ಪ ಮೆಲ್ಲಗೆ ಹೋಗಪ್ಪ, ಸೊಂಟ ನೋವು," ಎನ್ನುತ್ತಾರೆ. ಗೋಡೆಯ ಮೇಲಿಂದ ಕಾಣುವ ಆ ಕೊಂಬೆಗಳೇ ಅವರಿಗೆ ಗುರುತು. ಸೊಂಟ ನೋವು ಆ ಗೋಡೆ ದಾಟಿದ ಮೇಲೆ ವಾಸಿಯಾಗುತ್ತದೆ.

ಹಾಗಾಗಿ ನಾನು ಆ ವಿಷಯ ಎತ್ತಲಿಲ್ಲ. ಯಜಮಾನರೂ ಎತ್ತಲಿಲ್ಲ. ಮಣ್ಣಿನ ಚೌಕದ ಮೇಲೆ ಸ್ಕೂಟರ್ ನಿಲ್ಲತೊಡಗಿತು.

ಕೆಲವು ದಿನ ಕಳೆದ ಮೇಲೆ, ಒಂದು ಶುಕ್ರವಾರ ಬೆಳಗಿನ ತಿಂಡಿಯ ಹೊತ್ತಿಗೆ, ಅಮ್ಮಿ ರೊಟ್ಟಿ ಮುರಿಯುತ್ತಲೇ ಹೇಳಿದರು: "ಜುಮ್ಮಾ ನಮಾಜ್ ಮುಗಿಸಿ ನಿಮ್ಮ ಅಬ್ಬಾ ಹತ್ರ ಹೋಗ್ತೀಯಲ್ಲ. ಬರುವಾಗ ಆ ಗುಲ್‌ಚೀನದ್ದು ಒಂದು ಕೊಂಬೆ ತಗೊಂಡು ಬಾ."

ಯಜಮಾನರು ರೊಟ್ಟಿ ಕೆಳಗಿಟ್ಟರು. "ನೀವೇ ಬೇಡ ಅಂದ್ರಿ."

"ಬೇರೆ ಯಾರದೋ ಗುಲ್‌ಚೀನ್ ಬೇಡ ಅಂದೆ. ಅಲ್ಲಿಗೆ ಹೋಗೋಕೆ ನನಗಾಗಲ್ಲ, ಅದಾದ್ರೂ ಇಲ್ಲಿಗೆ ಬರ್ಲಿ. ಆಟೋದವನ ಹತ್ರ ಎಷ್ಟು ಸಲ ಸುಳ್ಳು ಹೇಳೋದು."

ಆಟೋದ ವಿಷಯ ನಮಗೆ ಗೊತ್ತಿರುವುದು ಅವರಿಗೂ ಗೊತ್ತಿತ್ತು ಎಂದು ಆಗ ತಿಳಿಯಿತು. ನಾನು ಎದ್ದು ಒಲೆಯ ಮೇಲಿನ ಚಹಾ ನೋಡುವ ನೆವ ಮಾಡಿದೆ.

ಯಜಮಾನರು ಖಬರಸ್ತಾನ ನೋಡಿಕೊಳ್ಳುವ ಹಿರಿಯರನ್ನು ಕೇಳಿ, ಮೊಳದುದ್ದದ ಕೊಂಬೆಯೊಂದನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದರು. ಅಕ್ಕ ಅದನ್ನು ಕಂಡು ಮೊದಲು ಗಾಬರಿಯಾದರು. ಎಲ್ಲಿಂದ, ಯಾಕೆ ಎಂದು ಅಮ್ಮಿ ಕಿವಿಯಲ್ಲಿ ಹೇಳಿದ ಮೇಲೆ ಕೊಂಬೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಅಂಗಾದ್ರೆ ಸರಿ ಬುಡಿ. ಆದ್ರೆ ಇವತ್ತೇ ನೆಡ್ಬ್ಯಾಡಿ. ಹಾಲು ಸುರೀತೈತೆ ನೋಡಿ, ಅದು ಆರ್ಲಿ. ನೆಟ್ಟ ಮ್ಯಾಲೆ ಚಿಗುರೋಗಂಟ ನೀರು ಜಾಸ್ತಿ ಮುಟ್ಟಿಸ್ಬ್ಯಾಡಿ," ಎಂದರು.

ನೀರು ಬೇಡ ಎಂಬ ಮಾತನ್ನು ಯಜಮಾನರು ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದರು.

ಕೊಂಬೆ ನೆಟ್ಟದ್ದಾಯಿತು. ಬೆಳಿಗ್ಗೆ ನಾನು ಎದ್ದು ಬಂದಾಗ ಮಣ್ಣು ಒದ್ದೆಯಾಗಿತ್ತು. ಮಾರನೆಯ ದಿನವೂ ಒದ್ದೆ. ಯಾರು ನೀರು ಹಾಕಿದ್ದು ಎಂದು ಕೇಳಿದರೆ ಯಜಮಾನರು, "ರಾತ್ರಿ ಹನಿ ಬಿದ್ದಿರಬೇಕು," ಎಂದರು. ಬಿರುಬೇಸಗೆಯಲ್ಲಿ, ಸಿರಾದಲ್ಲಿ, ನಮ್ಮ ಮನೆಯ ಒಂದು ಚೌಕ ಮಣ್ಣಿನ ಮೇಲೆ ಮಾತ್ರ ಬೀಳುವ ಮಳೆ. ಗಡಿಯಾರಕ್ಕೆ ಸೆಲ್ ಹಾಕದ ಮನುಷ್ಯ ನಸುಕಿನ ಫಜರ್ ನಮಾಜಿಗೆ ಎದ್ದವರೇ ಬಕೆಟ್ ಹಿಡಿದು ಹೊರಗೆ ಹೋಗುತ್ತಿದ್ದರು.

ಕೊಂಬೆ ಸೊರಗಿತು. ಅಕ್ಕ ಬಂದು ಮೆಲ್ಲಗೆ ಎಳೆದರೆ ಕಿತ್ತು ಕೈಗೇ ಬಂತು. ಬುಡ ಕಪ್ಪಗೆ ಕೊಳೆತಿತ್ತು.

"ನೀರು ಕೇಳ್ದಿರೋ ಮರ ಬೇಕು ಅಂತ ಊರೂರು ತಿರುಗಿದ್ರಿ. ಸಿಕ್ಕಿದ ಮರನ ನೀರಾಗೇ ಮುಳುಗಿಸಿದ್ರಲ್ಲ ಸಾಬ್ರೇ."

ಯಜಮಾನರು ಬಕೆಟ್ ಎತ್ತಿಕೊಂಡು ಒಳಗೆ ಹೋದರು. ನಾವಿಬ್ಬರೇ ಇದ್ದಾಗ ಯಾಕೆಂದು ನಾನು ಕೇಳಿದೆ. "ಅಬ್ಬಾ ಹತ್ರದಿಂದ ತಂದದ್ದು," ಎಂದರು. "ಒಣಗಿಬಿಟ್ರೆ ಅಮ್ಮಿಗೆ ಏನು ಹೇಳೋದು ಅಂತ ಹೆದರಿಕೆಯಾಯ್ತು." ನಾನು ಕೀಟಲೆ ಮಾಡಬೇಕೆಂದು ಕೂಡಿಟ್ಟಿದ್ದ ಮಾತುಗಳನ್ನೆಲ್ಲ ಅವತ್ತಿಗೆ ನುಂಗಿಕೊಂಡೆ. ಮುಂದಿನ ವಾರ ಒಂದೊಂದಾಗಿ ಹೇಳಿದೆ, ಅದು ಬೇರೆ.

ಅಮ್ಮಿ ಬೈಯಲಿಲ್ಲ. ಮುಂದಿನ ಶುಕ್ರವಾರ ಇನ್ನೊಂದು ಕೊಂಬೆ ಬಂತು. ಈ ಸಲ ನೆಟ್ಟದ್ದು ಅಕ್ಕ, ಕಾವಲು ಅಮ್ಮಿಯದು. ಬೆಳಿಗ್ಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಜಪದ ತಸ್ಬೀ ಹಿಡಿದು ಕೂರುತ್ತಿದ್ದರು. ಮಗ ಬಕೆಟ್ಟಿನ ದಿಕ್ಕಿಗೆ ನೋಡಿದರೂ ತಸ್ಬೀಯ ಮಣಿ ನಿಲ್ಲುತ್ತಿತ್ತು.

ಮಳೆಗಾಲಕ್ಕೆ ಚಿಗುರಿತು. ಎಲೆ ಬಂತು, ಚಳಿಗಾಲಕ್ಕೆ ಒಂದೊಂದಾಗಿ ಉದುರಿ ಬೋಳಾಯಿತು. ಯಜಮಾನರು ಸತ್ತೇಹೋಯಿತೆಂದು ಉಗುರಿನಿಂದ ಗೀರಿ ನೋಡಿ, ಹಾಲು ಬಂದದ್ದಕ್ಕೆ ಸಮಾಧಾನಪಟ್ಟು, ಎರಡು ದಿನ ಬಿಟ್ಟು ಮತ್ತೆ ಗೀರಿದರು. "ಅದನ್ನ ಪರೀಕ್ಷೆ ಮಾಡಿ ಮಾಡಿನೇ ಕೊಲ್ತೀಯ," ಎಂದು ಅಮ್ಮಿ ಗದರಿಸಿದರು.

ಎರಡನೆಯ ಬೇಸಗೆಯಲ್ಲಿ ಮೊದಲ ಹೂವು ಬಿಟ್ಟಿತು. ಬೆಳಿಗ್ಗೆ ಟೈಲ್ಸ್ ಮೇಲೆ ಬಿದ್ದಿದ್ದನ್ನು ಅಮ್ಮಿ ಬಗ್ಗಿ ಎತ್ತಿಕೊಂಡರು. ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು. ನಾನು ಶಾಲೆಗೆ ಹೊರಟವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತೆ.

"ಬದುಕಿದ್ದಾಗ ಒಂದು ಹೂವು ತಂದುಕೊಟ್ಟ ಮನುಷ್ಯ ಅಲ್ಲ," ಎಂದರು ಅಮ್ಮಿ. "ಈಗ ಕಳಿಸ್ತಾವ್ರೆ. ಅದನ್ನೂ ನೆಲದ ಮೇಲೆ ಎಸೆದು."

ಆಮೇಲೆ ಆ ಹೂವನ್ನು ಕಿವಿಯ ಹಿಂದೆ ದುಪಟ್ಟಾದೊಳಗೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಈಗ ಒಂದು ಕೊಂಬೆ ಗೋಡೆ ದಾಟಿ ಬೀದಿಗೆ ಚಾಚಿದೆ. ಅಕ್ಕ ದಿನಾ ಪೂಜೆಗೆ ಅದರಿಂದಲೇ ಹೂವು ಬಿಡಿಸುತ್ತಾರೆ. ಮೊದಲ ದಿನ ನಾನು ಕಿಟಕಿಯಿಂದ ನೋಡುತ್ತಿದ್ದುದನ್ನು ಕಂಡು, "ರೋಡಿಗೆ ಬಂದಿರೋ ಕೊಂಬೆ ನಗರಸಭೆದು ಕಣಮ್ಮ," ಎಂದರು. ಸಂಸಾರಸ್ಥರ ಮನೆಯ ಮಾತು ನಾನೂ ಎತ್ತಲಿಲ್ಲ. ಆ ಕೊಂಬೆ ಕಡಿಸಬೇಕೆಂದು ಯಜಮಾನರು, ಕೂಡದೆಂದು ಅಮ್ಮಿ. ಭಾರಕ್ಕೆ ಮುರಿಯದಿರಲೆಂದು ಅದಕ್ಕೆ ಯಜಮಾನರೇ ಅಂಗಡಿಯಿಂದ ತಂದ ಪೈಪಿನ ಊರುಗೋಲು ಕೊಟ್ಟಿದ್ದಾರೆ. ಹೂವು ಸುರಿಯುವ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಅಂಗಳ ಗುಡಿಸುವವರೂ ಅವರೇ. ಗುಡಿಸಿ ಮುಗಿಸಿ ಪೊರಕೆ ಒರಗಿಸುವಷ್ಟರಲ್ಲಿ ಇನ್ನೆರಡು ಬಿದ್ದಿರುತ್ತವೆ. ಅವರು ಒಮ್ಮೆ ಮೇಲೆ ನೋಡಿ, ಮತ್ತೆ ಪೊರಕೆ ತೆಗೆದುಕೊಳ್ಳುತ್ತಾರೆ.